ಬೆಳಿಗ್ಗೆ 5:12ರ ಫೈಲುಗಳು

ಆ ರಾತ್ರಿ ನಾನು ಹುಡುಕುತ್ತಿದ್ದದ್ದು ಒಂದು ಪ್ರಶ್ನೆಪತ್ರಿಕೆ. ಎಂಟನೇ ತರಗತಿಯ ಕಿರುಪರೀಕ್ಷೆಗೆ ಮಾಡಿಟ್ಟಿದ್ದೆ, ಮಾರನೇ ದಿನ ಬೇಕಿತ್ತು. ಡಾಕ್ಯುಮೆಂಟ್ಸ್ ಫೋಲ್ಡರ್ ತೆರೆದರೆ ನನ್ನ ಫೈಲಿನ ಕೆಳಗೆ ಗುರುತಿಲ್ಲದ ಫೈಲುಗಳ ಸಾಲು. ಎಣಿಸಿದೆ, ಹತ್ತೊಂಬತ್ತು ಇದ್ದವು. ಎಲ್ಲದರ ಹೆಸರೂ ಒಂದೇ ತರ: ಎರಡೋ ಮೂರೋ ಇಂಗ್ಲಿಷ್ ಅಕ್ಷರ, ಆಮೇಲೆ ನಾಲ್ಕು ಅಂಕಿ. ನಾನು ಮಾಡಿದ್ದಲ್ಲ. ನಮ್ಮವರನ್ನು ಕೇಳಿದೆ, ಅವರದ್ದಲ್ಲ. ಮಗನನ್ನು ಎಬ್ಬಿಸಿ ಕೇಳಿದೆ. ಅವನದ್ದೂ ಅಲ್ಲ.

ನಮ್ಮ ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಗನ ಆನ್‌ಲೈನ್ ಕ್ಲಾಸಿಗೆ ಅಂತ ಸಾಲ ಮಾಡಿ ತಂದದ್ದು. ಅವತ್ತಿನಿಂದ ಅದು ಹಜಾರದ ಮೇಜಿನ ಮೇಲೇ ಇದೆ. ಮಗ ಪಾಠ ನೋಡುತ್ತಾನೆ. ನಮ್ಮವರು ತೋಟದ ಲೆಕ್ಕ, ಕೊಬ್ಬರಿ ಲೆಕ್ಕ ಬರೆದಿಡುತ್ತಾರೆ. ನಾನು ಶಾಲೆಯ ಕೆಲಸ ಮಾಡುತ್ತೇನೆ. ಎಲ್ಲರಿಗೂ ಒಂದೇ ಖಾತೆ, ಒಂದೇ ಪಾಸ್‌ವರ್ಡ್. ಮನೆಯವರೇ ಅಲ್ವಾ, ಬೇರೆ ಬೇರೆ ಯಾಕೆ ಅಂತ.

ಹಾಗಾಗಿ ನನ್ನದಲ್ಲದ ಫೈಲು ಕಾಣುವುದು ಹೊಸದೇನಲ್ಲ. ವಾಟ್ಸ್‌ಆ್ಯಪ್ ಫೋಟೋಗಳು ಹೆಸರಿನಲ್ಲೇ ತಾರೀಖು ಹೊತ್ತು ಬರುತ್ತವೆ. ಅರ್ಧ ಇಳಿದು ನಿಂತ ಪಿಡಿಎಫ್‌ಗಳು ಇರುತ್ತವೆ. ಸಿಇಟಿಯ ಹಳೇ ಪ್ರಶ್ನೆಪತ್ರಿಕೆ ಒಂದೊಂದೂ ಮೂರು ಮೂರು ಸಲ ಇರುತ್ತದೆ. ಅವು ಯಾರದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ, ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡಿ ಯಾರು ಬಂದಿದ್ದಾರೆ ಅಂತ ಗೊತ್ತಾಗುವ ಹಾಗೆ. ಈ ಹತ್ತೊಂಬತ್ತರ ಗುರುತು ಮಾತ್ರ ಸಿಗಲಿಲ್ಲ.

ಮಗ ಕಣ್ಣುಜ್ಜಿಕೊಂಡು ಬಂದು ಕೂತ. ‘ಪೆನ್‌ಡ್ರೈವ್ ವೈರಸ್ ಇರಬಹುದಮ್ಮಾ’ ಅಂದ. ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟವರಿಗೆಲ್ಲ ಇದು ಗೊತ್ತು. ವಾಪಸ್ ತಂದು ಹಾಕಿದರೆ ಒಳಗಿನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವೆ. ನಿಜವಾದ ಫೋಲ್ಡರುಗಳು ಎಲ್ಲೂ ಹೋಗಿರುವುದಿಲ್ಲ. ಆ ವೈರಸ್ ಅವನ್ನು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿರುತ್ತದೆ. ಅದನ್ನು ಒತ್ತಿದರೆ ನಮ್ಮ ಕಂಪ್ಯೂಟರಿಗೂ ಹತ್ತಿಕೊಳ್ಳುತ್ತದೆ. ಹಿಂದೆ ಒತ್ತುವುದೂ ಬೇಕಿರಲಿಲ್ಲ. ಪೆನ್‌ಡ್ರೈವ್ ಚುಚ್ಚಿದರೆ ಸಾಕು, ಆಟೋರನ್ ಅನ್ನುವ ಸೌಲಭ್ಯ ತಾನೇ ಅದನ್ನು ಓಡಿಸುತ್ತಿತ್ತು. ಹಳೆಯ ವಿಂಡೋಸ್‌ಗಳಲ್ಲಿ ಪೆನ್‌ಡ್ರೈವಿಗೆ ಅದನ್ನು ನಿಲ್ಲಿಸುವ ಅಪ್‌ಡೇಟ್ ಎಲ್ಲರಿಗೂ ಬಂದದ್ದು 2011ರಲ್ಲಿ.

ಮಗ ಮರೆಯಾಗಿರುವ ಫೈಲುಗಳೂ ಕಾಣುವ ಹಾಗೆ ಮಾಡಿದ. ಶಾರ್ಟ್‌ಕಟ್ ಒಂದೂ ಇರಲಿಲ್ಲ. ಆದರೆ ಹತ್ತೊಂಬತ್ತರ ಜೊತೆಗೆ ಮತ್ತೊಂದು ಮಸುಕು ಫೈಲು ಕಂಡಿತು. ಹೆಸರಿನ ಮುಂದೆ ಒಂದು ಅಲೆಯ ಗುರುತು, ಒಂದು ಡಾಲರ್ ಗುರುತು. ಗಾತ್ರ ಬರೀ 162 ಬೈಟ್. ವರ್ಡ್‌ನಲ್ಲಿ ಯಾರಾದರೂ ಫೈಲು ತೆರೆದು ಕೂತಾಗ ವರ್ಡ್ ಇಂಥದ್ದೊಂದನ್ನು ಪಕ್ಕದಲ್ಲಿ ಇಡುತ್ತದೆ. ಒಳಗೆ ಒಬ್ಬರು ಇದ್ದಾರೆ ಅಂತ ಉಳಿದವರಿಗೆ ಹೇಳುವುದಕ್ಕೆ. ಕೆಲಸ ಮುಗಿಸಿ ಮುಚ್ಚಿದರೆ ಅದೂ ಅಳಿಸಿಹೋಗುತ್ತದೆ. ಉಳಿದಿದೆ ಅಂದರೆ ನಡುವೆ ಕರೆಂಟ್ ಹೋಗಿರಬೇಕು, ಇಲ್ಲವೇ ತೆರೆದಿದ್ದಾಗಲೇ ಇಡೀ ಫೋಲ್ಡರನ್ನು ಯಾರೋ ನಕಲು ಮಾಡಿಕೊಂಡಿರಬೇಕು.

ಆಮೇಲೆ ಮಗ ಒಂದು ಫೈಲಿನ ಪ್ರಾಪರ್ಟೀಸ್ ತೆಗೆದು ತೋರಿಸಿದ. ‘ಇಲ್ಲಿ ನೋಡು, ಇದು ಹುಟ್ಟುವುದಕ್ಕೆ ಮುಂಚೆಯೇ ಇದನ್ನು ತಿದ್ದಿದ್ದಾರೆ’ ಅಂದ. ನಿಜವಾಗಿಯೂ ಹಾಗೇ ಇತ್ತು. ಫೈಲು ಸೃಷ್ಟಿಯಾದದ್ದು ಅವತ್ತು ಬೆಳಿಗ್ಗೆ 5:12ಕ್ಕೆ. ಕೊನೆಯ ಸಲ ಬದಲಾದದ್ದು ಹಿಂದಿನ ದಿನ ಸಂಜೆ 4:40ಕ್ಕೆ. ವಿಂಡೋಸ್‌ನಲ್ಲಿ ಫೈಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡಿದರೆ, ನಕಲು ಮಾಡಿದ ಹೊತ್ತೇ ಅದರ ಹುಟ್ಟಿದ ಹೊತ್ತಾಗುತ್ತದೆ. ತಿದ್ದಿದ ಹೊತ್ತು ಮಾತ್ರ ಹಳೆಯದೇ ಉಳಿಯುತ್ತದೆ. ಅಂದರೆ ಇದು ನಮ್ಮ ಲ್ಯಾಪ್‌ಟಾಪಿನಲ್ಲಿ ಬರೆದದ್ದಲ್ಲ. ಬೇರೆ ಎಲ್ಲೋ ಬರೆದದ್ದನ್ನು ಬೆಳಿಗ್ಗೆ ಐದು ಗಂಟೆಗೆ ಯಾರೋ ಇಲ್ಲಿ ತಂದಿಟ್ಟಿದ್ದಾರೆ. ಬೇರೆ ಫೈಲುಗಳನ್ನೂ ನೋಡಿದೆವು. ಒಂದು 5:09, ಇನ್ನೊಂದು 5:20. ದಿನ ಬೇರೆ ಬೇರೆ, ಆದರೆ ಎಲ್ಲವೂ ಆ ಹೊತ್ತಿನವೇ.

ಇಷ್ಟು ಹೊತ್ತಿಗೆ ನಮಗೆ ತಿಳಿಯಬೇಕಾದದ್ದೆಲ್ಲ ತಿಳಿದಿತ್ತು. ಒಂದು ಫೈಲನ್ನೂ ತೆರೆದಿರಲಿಲ್ಲ. ವೈರಸ್ ಸ್ಕ್ಯಾನ್ ಮಾಡಿದೆವು, ಏನೂ ಸಿಗಲಿಲ್ಲ. ಅವು ವರ್ಡ್ ಫೈಲುಗಳು, ಹೊರಗಿನಿಂದ ಬಂದವು, ಬೆಳಗಿನ ಜಾವ ಎದ್ದಿರುವ ಒಬ್ಬರು ತಂದಿಟ್ಟದ್ದು. ಬೆಳಿಗ್ಗೆ ಎದ್ದು ‘ಇದು ಯಾರದ್ದು’ ಅಂತ ಇನ್ನೊಬ್ಬರನ್ನು ಕೇಳಿದ್ದರೆ ಮುಗಿಯುತ್ತಿತ್ತು. ಮಗ ಮಲಗಲು ಹೋದ. ನಾನು ಕೂತೇ ಇದ್ದೆ. ಒಂದನ್ನು ತೆರೆದೆ.

ತೆರೆದರೆ ಎದೆ ಧಸಕ್ಕೆಂದಿತು. ಪುಟದ ತುಂಬ ಅರ್ಥವಿಲ್ಲದ ಅಕ್ಷರಗಳು. ತಲೆ ಮೇಲೆ ಗೀಟಿರುವ ಎ, ಪೌಂಡಿನ ಗುರುತು, ಸಣ್ಣ ಕ್ಯೂ, ಮತ್ತೆ ಗೀಟಿನ ಎ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅಂತ ಒಂದು ರ್‍ಯಾನ್ಸಂವೇರ್ ಲೋಕವೆಲ್ಲ ಹರಡಿತ್ತು. ಜನರ ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳುತ್ತಿತ್ತು. ಅಂಥದ್ದೇ ನಮಗೂ ಬಂತೇನೋ, ಮಗನ ನೋಟ್ಸು, ಮದುವೆ ಮನೆಯ ಫೋಟೋ ಎಲ್ಲ ಹೋಯಿತೇನೋ ಅನ್ನಿಸಿತು. ಸ್ವಲ್ಪ ಹೊತ್ತಾದ ಮೇಲೆ ಬುದ್ಧಿ ಓಡಿತು. ಬೀಗ ಹಾಕುವ ವೈರಸ್ ನಮ್ಮ ಹಳೇ ಫೈಲುಗಳನ್ನೇ ಕೆಡಿಸುತ್ತದೆ, ದುಡ್ಡು ಕೇಳುವ ಚೀಟಿ ಇಡುತ್ತದೆ. ದಿನಕ್ಕೆ ಒಂದೋ ಎರಡೋ ಹೊಸ ಫೈಲು ತಂದು ಜೋಡಿಸುವುದಿಲ್ಲ.

ಆಮೇಲೆ ಮೂರನೇ ಸಾಲಿನಲ್ಲಿ ಕಣ್ಣಿಗೆ ಬಿತ್ತು. ದೊಡ್ಡ ಪಿ, ಗೀಟಿನ ಎ, ಪೌಂಡ್, ಗೀಟಿನ ಎ, ಜರ್ಮನ್ ಭಾಷೆಯ ಆ ಬೀಟಾದಂಥ ಅಕ್ಷರ, ಸಣ್ಣ ಕ್ಯೂ, ಗೀಟಿನ ಎ. ಇದನ್ನು ನಾನು ನೋಡಿದ್ದೇನೆ. ಇದು ‘ಕನ್ನಡ’.

ನುಡಿ ಫಾಂಟಿನಲ್ಲಿ ಟೈಪಿಸಿದ ಸುತ್ತೋಲೆಗಳು ನಮ್ಮ ಫೋನಿಗೆ ಹೀಗೇ ಬರುತ್ತಿದ್ದವು, ಈಗಲೂ ಒಮ್ಮೊಮ್ಮೆ ಬರುತ್ತವೆ. ಕನ್ನಡ ಗಣಕ ಪರಿಷತ್ತು ಮಾಡಿದ ನುಡಿ ತಂತ್ರಾಂಶ ನಮ್ಮ ಕಚೇರಿಗಳಲ್ಲಿ ಬೇರು ಬಿಟ್ಟದ್ದು ಯೂನಿಕೋಡ್ ಎಲ್ಲರ ಕೈಗೆ ಸಿಗುವುದಕ್ಕೆ ಮೊದಲು. ಯೂನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಅವುಗಳದ್ದೇ ಸಂಖ್ಯೆ ಕೊಡುವ ಏರ್ಪಾಡು. ಅದರಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಆ ಕನ್ನಡವನ್ನು ತೋರಿಸುವ ಕಂಪ್ಯೂಟರುಗಳು ನಮ್ಮ ಊರುಗಳಿಗೆ ಬರಲು ಇನ್ನೂ ವರ್ಷಗಳು ಹಿಡಿದವು. ಅಲ್ಲಿಯವರೆಗೆ ಮಾಡಿಕೊಂಡ ದಾರಿ ಇದು. ಕಂಪ್ಯೂಟರಿಗೆ ಗೊತ್ತಿರುವುದು ಯುರೋಪಿನ ಅಕ್ಷರಗಳು. ಅವುಗಳ ಮುಖ ಬದಲಿಸಿ, ಕನ್ನಡದ ತುಂಡುಗಳನ್ನು ಕೂರಿಸಿದರು. ತಲೆಕಟ್ಟಿಲ್ಲದ ಕ-ಕಾರ ಅಂದರೆ ದೊಡ್ಡ ಪಿ. ತಲೆಕಟ್ಟು ಅಂದರೆ ಗೀಟಿನ ಎ. ಎರಡೂ ಸೇರಿದರೆ ‘ಕ’. ಪೌಂಡಿಗೆ ತಲೆಕಟ್ಟು ಹಾಕಿದರೆ ‘ನ’. ಆ ಬೀಟಾದಂಥದ್ದು ನ-ಕಾರದ ಒತ್ತು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಫಾಂಟ್ ಇಲ್ಲದ ಕಡೆ ಮುಖ ಕಳಚಿ, ಅಡಿಯಲ್ಲಿರುವ ಪಿ, ಪೌಂಡು ಕಾಣುತ್ತವೆ. ನಮ್ಮ ಲ್ಯಾಪ್‌ಟಾಪಿನಲ್ಲಿ ನುಡಿ ಇರಲಿಲ್ಲ.

ಪುಟದ ಕೊನೆಯಲ್ಲಿ ದೊಡ್ಡ ಇ, ದೊಡ್ಡ ಎ, ಸಣ್ಣ ಡಬ್ಲ್ಯೂ. ಇದನ್ನೂ ಬಿಡಿಸಿದೆ. ಇ ಅಂದರೆ ಇ-ಕಾರವೇ, ಎ ಅಂದರೆ ಸೊನ್ನೆ, ಡಬ್ಲ್ಯೂ ಅಂದರೆ ‘ತಿ’. ‘ಇಂತಿ’. ಅಂದರೆ ಇದು ಕಾಗದ. ಯಾರೋ ಯಾರಿಗೋ ಬರೆದದ್ದು.

ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ನಾನು ಸಮಾಜ ವಿಜ್ಞಾನ ಕಲಿಸುವವಳು. ಮೂಲಭೂತ ಹಕ್ಕುಗಳ ಪಾಠ ಬಂದಾಗ ಮಕ್ಕಳಿಗೆ ಪುಟ್ಟಸ್ವಾಮಿ ತೀರ್ಪಿನ ಕಥೆ ಹೇಳುತ್ತೇನೆ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ಮೇಲೆ, 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂದರು. ಇದನ್ನು ನಾನು ಪ್ರೀತಿಯಿಂದ ಹೇಳುತ್ತೇನೆ. ಬೇರೆಯವರ ಡೈರಿ ಓದಬಾರದು, ಬೇರೆಯವರ ಫೋನ್ ತೆಗೆಯಬಾರದು ಅಂತ ಮಕ್ಕಳಿಂದಲೇ ಉದಾಹರಣೆ ಹೇಳಿಸುತ್ತೇನೆ. ಮನೆಯ ಮೇಜಿನ ಮುಂದೆ ರಾತ್ರಿ ಹನ್ನೊಂದೂವರೆಗೆ ಕೂತಾಗ ಅದು ಯಾವುದೂ ನೆನಪಾಗಲಿಲ್ಲ. ನಮ್ಮ ಮನೆ, ನಮ್ಮ ಲ್ಯಾಪ್‌ಟಾಪ್, ಅದರೊಳಗೆ ಇರುವುದು ನನಗೆ ಗೊತ್ತಿರಬೇಕು ಅಂತಷ್ಟೇ ಇತ್ತು.

ನುಡಿಯನ್ನು ಯೂನಿಕೋಡ್ ಮಾಡುವ ತಾಣಗಳು ಬೇಕಾದಷ್ಟಿವೆ. ಇಡೀ ಕಾಗದವನ್ನು ನಕಲು ಮಾಡಿ ಒಂದರಲ್ಲಿ ಅಂಟಿಸಿದೆ. ಗುಂಡಿ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕನ್ನಡವಾಯಿತು.

ಅದರಲ್ಲಿ ಏನಿತ್ತು ಅಂತ ಇಲ್ಲಿ ಬರೆಯುವುದಿಲ್ಲ. ಒಬ್ಬ ಹೆಂಗಸು ಒಂದು ಕಚೇರಿಗೆ ಬರೆಸಿದ ಅರ್ಜಿ ಅದು. ಕೆಳಗೆ ಇದ್ದ ಹೆಸರು ನನಗೆ ಗೊತ್ತಿರುವ ಹೆಸರು. ನಮ್ಮ ಬೀದಿಯವರು. ಹನ್ನೊಂದು ವರ್ಷದಿಂದ ದಿನಾ ನೋಡುತ್ತಿರುವ ಮುಖ. ಅವರು ನಮ್ಮೆಲ್ಲರಿಗೆ ಹೇಳಿಕೊಂಡು ಬಂದಿರುವುದೇ ಒಂದು, ಆ ಕಾಗದದಲ್ಲಿ ಇದ್ದದ್ದೇ ಇನ್ನೊಂದು. ಓದಿ ಮುಗಿಸಿದ ಮೇಲೆ ಕಿಟಕಿ ಮುಚ್ಚಿದೆ. ಬಹಳ ಹೊತ್ತು ನಿದ್ದೆ ಬರಲಿಲ್ಲ. ಇನ್ನೊಂದು ತಪ್ಪು ಆಗ ಹೊಳೆಯಿತು. ಆ ಹೆಂಗಸಿನ ಬದುಕನ್ನು ನಾನು ಓದಿದ್ದು ಮಾತ್ರವಲ್ಲ, ಯಾರೋ ನಡೆಸುವ ಒಂದು ತಾಣಕ್ಕೂ ಹಾಕಿ ಬಂದಿದ್ದೆ. ಕೆಲವು ತಾಣಗಳು ಅಕ್ಷರಗಳನ್ನು ನಮ್ಮ ಬ್ರೌಸರಿನ ಒಳಗೇ ಬದಲಿಸುತ್ತವೆ, ಎಲ್ಲಿಗೂ ಕಳಿಸುವುದಿಲ್ಲ. ಕೆಲವು ತಮ್ಮ ಸರ್ವರಿಗೆ ತರಿಸಿಕೊಂಡು ಬದಲಿಸುತ್ತವೆ. ನಾನು ಬಳಸಿದ್ದು ಯಾವ ತರದ್ದು ಅಂತ ನೋಡಿರಲೇ ಇಲ್ಲ. ಅದರ ಹೆಸರನ್ನೂ ಓದಿರಲಿಲ್ಲ.

ಬೆಳಿಗ್ಗೆ ಐದಕ್ಕೆ ಹಜಾರದಲ್ಲಿ ಸದ್ದಾಯಿತು. ಎದ್ದು ಬಂದು ಬಾಗಿಲಲ್ಲೇ ನಿಂತೆ. ಮಾವ ಕೂತಿದ್ದರು. ದೀಪ ಹಾಕಿರಲಿಲ್ಲ, ಪರದೆಯ ಬೆಳಕು ಮುಖದ ಮೇಲಿತ್ತು. ಕನ್ನಡಕ ಹಣೆಗೆ ಏರಿಸಿದ್ದರು. ಒಂದು ಬೀಗದ ಕೈಗೆ ಕೆಂಪು ದಾರದಲ್ಲಿ ಪೆನ್‌ಡ್ರೈವ್ ಕಟ್ಟಿತ್ತು, ಅದು ಲ್ಯಾಪ್‌ಟಾಪಿನ ಪಕ್ಕದಿಂದ ಜೋತಾಡುತ್ತಿತ್ತು. ಒಂದು ಬೆರಳಿನಿಂದ ನಿಧಾನವಾಗಿ ಏನನ್ನೋ ಎಳೆದರು. ನಕಲಿನ ಹಸಿರು ಪಟ್ಟಿ ತುಂಬುವವರೆಗೆ ಕೈ ಮಡಿಚಿಕೊಂಡು ಕಾದರು. ಆಮೇಲೆ ಪೆನ್‌ಡ್ರೈವ್ ತೆಗೆದು, ದಾರ ಸುತ್ತಿ, ಜೇಬಿಗೆ ಹಾಕಿಕೊಂಡರು.

ಮಾವನಿಗೆ ಎಪ್ಪತ್ತೊಂದು. ‘ಯಾರದ್ದು’ ಅಂತ ನಾನು ಹಿಂದಿನ ರಾತ್ರಿ ಮನೆಯಲ್ಲಿ ಇಬ್ಬರನ್ನು ಕೇಳಿದ್ದೆ, ಅವರನ್ನು ಕೇಳಿರಲಿಲ್ಲ. ಮೂವತ್ತು ವರ್ಷ ಟೈಪಿಸ್ಟ್ ಆಗಿ ಹೊಟ್ಟೆ ಹೊರೆದವರು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ನಡುವಯಸ್ಸು ದಾಟಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಹೊಸದಾಗಿ ಕಲಿತರು. ಕೆ ಒತ್ತಿದರೆ ‘ಕ’, ಒತ್ತಕ್ಷರಕ್ಕೆ ನಡುವೆ ಎಫ್. ಅಂಥವರಿಗೆ ಲ್ಯಾಪ್‌ಟಾಪ್ ಗೊತ್ತಿರುತ್ತದೆ ಅಂತ ನಮಗೆ ಯಾರಿಗೂ ಹೊಳೆಯದೇ ಹೋದದ್ದು ನನಗೆ ಈಗಲೂ ಬೇಜಾರು. ಮನೆಯಲ್ಲಿ ಅವರು ಫೋನಿನಲ್ಲಿ ಹಾಡು ಕೇಳುವ ವಯಸ್ಸಾದವರು, ಅಷ್ಟೇ ಆಗಿಬಿಟ್ಟಿದ್ದರು.

ಮಧ್ಯಾಹ್ನ ಊಟವಾದ ಮೇಲೆ ಅವರು ತಾಲ್ಲೂಕು ಕಚೇರಿ ಹತ್ತಿರ ಗೆಳೆಯರ ಡಿಟಿಪಿ ಅಂಗಡಿಗೆ ಹೋಗುತ್ತಾರೆ. ಹರಟೆಗೆ ಅಂದುಕೊಂಡಿದ್ದೆವು. ಅವರು ಅಲ್ಲಿ ಅರ್ಜಿ ಬರೆಯುತ್ತಿದ್ದರು. ಖಾತೆ ಬದಲಾವಣೆ, ವಂಶವೃಕ್ಷ, ವಿಧವಾ ವೇತನ, ರೇಷನ್ ಕಾರ್ಡಿನ ತಕರಾರು. ಪಹಣಿ ಈಗ ಆನ್‌ಲೈನಿನಲ್ಲೇ ಸಿಗುತ್ತದೆ, ಎಷ್ಟೋ ಪ್ರಮಾಣಪತ್ರಕ್ಕೂ ಆನ್‌ಲೈನಿನಲ್ಲೇ ಅರ್ಜಿ. ಆದರೂ ಜನ ಬರುತ್ತಾರಂತೆ. ‘ಆ ಫಾರಮ್ಮಿನಲ್ಲಿ ಹೆಸರಿಗೆ ಒಂದು ಮನೆ ಇದೆ, ಆಧಾರ್ ನಂಬರಿಗೆ ಒಂದು ಮನೆ ಇದೆ. ಏನಾಯ್ತು ಅಂತ ಹೇಳೋಕೆ ಮನೆ ಇಲ್ಲವಲ್ಲಮ್ಮ’ ಅಂದರು ಮಾವ. ಅದನ್ನು ಹೇಳಿಸಿಕೊಂಡು ಬರೆದುಕೊಡುವ ಕೆಲಸ ಅವರದ್ದು. ಒಂದು ಸಲ ಅಂಗಡಿಯ ಕಂಪ್ಯೂಟರ್ ಕೆಟ್ಟು, ಆರು ತಿಂಗಳ ಕಾಗದಗಳು ಹೋದವು. ಎರಡನೇ ಸಲ ಅದೇ ಕಾಗದ ಕೇಳಿಕೊಂಡು ಬಂದವರ ಹತ್ತಿರ ಮತ್ತೆ ಎಲ್ಲವನ್ನೂ ಹೇಳಿಸಬೇಕಾಯಿತು. ‘ಒಂದು ಸಲ ಹೇಳೋದೇ ಅವರಿಗೆ ಕಷ್ಟ’ ಅಂದರು. ಅದಕ್ಕೇ ಮನೆಯಲ್ಲಿ ಒಂದು ಪ್ರತಿ ಇಡುತ್ತಿದ್ದದ್ದು. ಹೆಸರಿನ ಮೊದಲ ಅಕ್ಷರಗಳು, ಆಮೇಲೆ ದಿನ ಮತ್ತು ತಿಂಗಳು. ಫೈಲಿನ ಹೆಸರು ಅಷ್ಟೇ.

‘ಓದಿದೆಯಾ?’ ಅಂತ ಕೇಳಿದರು.

‘ಒಂದು ಓದಿದೆ’ ಅಂದೆ. ಯಾವುದು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ತಮ್ಮ ಮೇಲೇ ಸಿಟ್ಟು ಮಾಡಿಕೊಂಡ ಹಾಗೆ ಕಂಡಿತು.

ಆಮೇಲೆ ಕಾರ್ಬನ್ ಹಾಳೆಯ ವಿಷಯ ಹೇಳಿದರು. ಟೈಪ್‌ರೈಟರ್ ಕಾಲದಲ್ಲಿ ಎರಡು ಬಿಳಿ ಹಾಳೆ ನಡುವೆ ಕಾರ್ಬನ್ ಇಟ್ಟು ಟೈಪ್ ಮಾಡುತ್ತಿದ್ದರು. ಹೊಸ ಕಾರ್ಬನ್ನಿನಲ್ಲಿ ಒಂದೇ ಒಂದು ಕಾಗದ ಹೊಡೆದರೆ, ಅಕ್ಷರ ಬಿದ್ದ ಕಡೆ ಮಸಿ ಎದ್ದುಹೋಗಿರುತ್ತದೆ. ಕಿಟಕಿ ಬೆಳಕಿಗೆ ಹಿಡಿದರೆ ಪೂರ್ತಿ ಕಾಗದ ಓದಬಹುದು. ಹತ್ತಾರು ಸಲ ಬಳಸಿದ ಮೇಲೆ ಅಕ್ಷರದ ಮೇಲೆ ಅಕ್ಷರ ಬಿದ್ದು ಏನೂ ತಿಳಿಯುವುದಿಲ್ಲ. ಹಾಗಾಗಿ ಗುಟ್ಟಿನ ಕಾಗದ ಬಂದಾಗ ಅವರು ಹಳೇ ಕಾರ್ಬನ್ನೇ ಹುಡುಕಿ ಹಾಕುತ್ತಿದ್ದರಂತೆ. ಹೊಸದೇ ಹಾಕಬೇಕಾಗಿ ಬಂದರೆ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟು ಮನೆಗೆ ತಂದು, ಬಚ್ಚಲ ಹಂಡೆಯ ಒಲೆಗೆ ಹಾಕುತ್ತಿದ್ದರು. ಅತ್ತೆ ಬಟ್ಟೆ ಒಗೆಯುವಾಗ ಜೇಬಿನ ಒಳಗೆಲ್ಲ ನೀಲಿ ಅಂತ ಬೈಯುತ್ತಿದ್ದರು. ಯಾಕೆ ನೀಲಿ ಅಂತ ಅತ್ತೆಗೂ ಹೇಳಿರಲಿಲ್ಲ.

‘ಈಗ ಹತ್ತೊಂಬತ್ತು ಕಾರ್ಬನ್ ಹಜಾರದಲ್ಲಿ ಹರಡಿಟ್ಟಿದ್ದೀನಿ’ ಅಂದರು.

ಕೂತು ಒಂದೊಂದನ್ನೇ ಅಳಿಸಿದೆವು. ಅಳಿಸಿದ್ದು ರೀಸೈಕಲ್ ಬಿನ್ನಿಗೆ ಹೋಗುತ್ತದೆ ಅಂತ ತೋರಿಸಿದೆ. ಅದನ್ನೂ ಖಾಲಿ ಮಾಡಿದೆವು. ‘ಒಲೆಗೆ ಹಾಕಿದ ಹಾಗೆ ಆಯ್ತಾ?’ ಅಂದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ನಮ್ಮದು ಹಳೇ ತರದ ಹಾರ್ಡ್ ಡಿಸ್ಕ್. ಖಾಲಿ ಮಾಡಿದರೂ ಬರೆದದ್ದು ಡಿಸ್ಕಿನಲ್ಲಿ ಇದ್ದೇ ಇರುತ್ತದೆ, ಆ ಜಾಗಕ್ಕೆ ಬೇರೆ ಏನಾದರೂ ಬಂದು ಕೂರುವವರೆಗೆ. ಗೊತ್ತಿರುವವರು ಬೇಕೆಂದರೆ ತೆಗೆಯಬಹುದು. ಇದನ್ನು ಹೇಳಿದೆ. ಅವರು ಸ್ವಲ್ಪ ಯೋಚಿಸಿ, ‘ಅಂದ್ರೆ ಹಳೇ ಕಾರ್ಬನ್ ತರ. ಮೇಲೆ ಹೊಡೀತಾ ಹೋಗಬೇಕು’ ಅಂದರು. ನಾನು ಮಕ್ಕಳಿಗೆ ಹೇಳಿದ್ದರೂ ಇಷ್ಟು ಸರಿಯಾಗಿ ಹೇಳುತ್ತಿರಲಿಲ್ಲ.

ಆ ಭಾನುವಾರ ಮಗ ಅವರಿಗೆ ಬೇರೆ ಖಾತೆ ಮಾಡಿಕೊಟ್ಟ. ನುಡಿ ಹಾಕಿಕೊಟ್ಟ. ಎಲ್ಲರಿಗೂ ಬೇರೆ ಬೇರೆ ಖಾತೆ ಮಾಡಿದ, ಹತ್ತು ನಿಮಿಷದ ಕೆಲಸ. ಒಬ್ಬರ ಖಾತೆಯಿಂದ ಇನ್ನೊಬ್ಬರ ಫೋಲ್ಡರ್ ಸುಮ್ನೆ ತೆರೆಯುವುದಿಲ್ಲ. ಅಡ್ಮಿನ್ ಅಧಿಕಾರ ಇರುವವರು ಹಟ ಹಿಡಿದರೆ ತೆರೆಯಬಹುದು, ಅಷ್ಟು ತಡೆ ನಮ್ಮ ಮನೆಗೆ ಸಾಕು. ಪಾಸ್‌ವರ್ಡ್ ಹಾಕುವಾಗ ಮಾವ ‘ಆ ಕಡೆ ನೋಡಿ’ ಅಂದರು. ನಾವು ಮೂವರೂ ಗೋಡೆ ಕಡೆ ತಿರುಗಿದೆವು.

ಓದಿದ್ದನ್ನು ಮಾತ್ರ ಅಳಿಸುವುದಕ್ಕೆ ಆಗಲಿಲ್ಲ. ಆ ಹೆಂಗಸು ನಾಲ್ಕನೇ ದಿನ ಕರಿಬೇವಿಗೆ ಬಂದರು. ಬರುವಾಗ ಒಂದು ಬಟ್ಟಲಿನಲ್ಲಿ ಹುಣಸೆ ತೊಕ್ಕು ತಂದಿದ್ದರು. ಎಂದಿನಂತೆ ಗೇಟಿನ ಹತ್ತಿರ ನಿಂತು ಮಾತಾಡಿದರು. ಎಂದಿನಂತೆ ಮನೆಯವರ ವಿಷಯ ಒಂದೆರಡು ಮಾತು ಬಂತು. ಅದು ನಿಜವಲ್ಲ ಅಂತ ಈಗ ನನಗೆ ಗೊತ್ತು. ನಾನು ಹೂಂ ಅಂದೆ. ಹನ್ನೊಂದು ವರ್ಷ ಅದೇ ಹೂಂ ಅಂದಿದ್ದೇನೆ, ಅವತ್ತು ಅದು ಬೇರೆ ತರ ಕೇಳಿಸಿತು. ಮುಖ ಕೊಟ್ಟು ಮಾತಾಡಲು ಆಗದೆ ಕರಿಬೇವಿನ ಗಿಡದ ಕಡೆಗೇ ತಿರುಗಿಕೊಂಡಿದ್ದೆ. ಬೇಕಾದ್ದಕ್ಕಿಂತ ಜಾಸ್ತಿ ಕೊಂಬೆ ಮುರಿದು ಕೊಟ್ಟೆ. ‘ಅಯ್ಯೋ ಇಷ್ಟೊಂದು ಯಾಕೆ’ ಅಂದರು. ಮರುಕ ಅನ್ನುವುದು ಕೈಯಲ್ಲಿ ಕಾಣಿಸಿಬಿಡುತ್ತದೇನೋ ಅಂತ ಹೆದರಿಕೆಯಾಯಿತು. ಅವರು ಹನ್ನೊಂದು ವರ್ಷ ಕಷ್ಟಪಟ್ಟು ಬೇಡ ಅಂದಿದ್ದು ಅದನ್ನೇ ಅಲ್ವಾ.

ಬಟ್ಟಲು ಒಂದು ವಾರ ನಮ್ಮ ಅಡುಗೆಮನೆಯಲ್ಲೇ ಇತ್ತು. ಖಾಲಿ ಬಟ್ಟಲು ಕೊಡಬಾರದು ಅಂತ ಕೋಡುಬಳೆ ಮಾಡಿದ ದಿನ ತುಂಬಿಸಿ ಎತ್ತಿಟ್ಟೆ. ಕೊಡಲು ಹೊರಡುವಷ್ಟರಲ್ಲಿ ಅವರೇ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್, ಒಳಗೆ ಮಡಿಚಿದ ಕಾಗದಗಳು.

‘ನಿಮ್ಮ ಮಾವ ಇದ್ದಾರಾ? ಒಂದು ಕಾಗದ ಬರೆಸಬೇಕಿತ್ತು. ಅಂಗಡಿಯಲ್ಲಿ ಜನ ಇರ್ತಾರೆ’ ಅಂದರು.

ಒಳಗೆ ಕರೆದು ಕೂರಿಸಿದೆ. ಮಾವ ಲ್ಯಾಪ್‌ಟಾಪ್ ತಮ್ಮ ಕಡೆ ತಿರುಗಿಸಿಕೊಂಡು, ಕನ್ನಡಕ ಹಾಕಿಕೊಂಡು, ‘ಹೇಳಮ್ಮ’ ಅಂದರು. ಅವರು ಗಂಟಲು ಸರಿಮಾಡಿಕೊಂಡರು. ನಾನು ಅಡುಗೆಮನೆಗೆ ಹೋಗಿ ಬಾಗಿಲು ಎಳೆದುಕೊಂಡೆ. ರಾತ್ರಿಯ ಚಟ್ನಿಗೆ ಇನ್ನೂ ಹೊತ್ತಿತ್ತು. ಆದರೂ ಕಾಯಿತುರಿ ಹಾಕಿ ಮಿಕ್ಸಿ ತಿರುಗಿಸಿದೆ. ಒಳಗೆ ಕಾಯಿ ಬೆಣ್ಣೆಯಾದ ಮೇಲೂ ನಿಲ್ಲಿಸಲಿಲ್ಲ.